ಗಂಜಿ ಬಿಟ್ಟ ಕಂಬಳಿ

ಯಾಲಾಲ್ ಕಡೆಯ ಕುರುಬರ ಮೋನಮ್ಮನಿಗೆ ತವರಿನವರು ಮದುವೆಯಲ್ಲಿ ಏಳು ಕುರಿಗಳನ್ನು ಬಳುವಳಿ ಕೊಟ್ಟಿದ್ದರು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಅವಳದು ಅಂತ ಇದ್ದದ್ದು ಆ ಕುರಿಗಳು, ಅವುಗಳ ಉಣ್ಣೆ, ಅಷ್ಟೇ. ಅತ್ತೆ ಸುಭದ್ರಮ್ಮ ಕೂಡ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಹಾಕುವವಳೇ, ಆದರೆ ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ.

ಮನೆಯಲ್ಲಿ ಹೆಂಗಸರು ನೂಲುವುದು, ಗಂಡಸರು ನೇಯುವುದು. ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದರೆ ಗಟ್ಟಿಯಾಗುತ್ತದೆ, ಮಳೆ ಇಳಿಯಗೊಡುವುದಿಲ್ಲ. ಗಂಡ ಮರೆಪ್ಪನ ಕಂಬಳಿ ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಊರೇ ಹೇಳುತ್ತಿತ್ತು. ಆ ಹೆಮ್ಮೆಗೆ ಅವನೂ ತುಸು ಹಾಗೇ ಬಿಗಿದುಕೊಂಡಿದ್ದ.

ಒಮ್ಮೆ ಕಂಬಳಿ ಮಾರಲು ತಾಂಡೂರಿಗೆ ಹೋದಾಗ ಮೋನಮ್ಮ ಸ್ಟೇಷನ್ನಿನಲ್ಲಿ ಫರಸಿ ಕಲ್ಲು ಹೊರುವವರನ್ನು ಕಂಡಳು. ಗಣಿಯಿಂದ ಬಂದ ಕಲ್ಲನ್ನು ಹೆಗಲ ಮೇಲಿಟ್ಟು ಗೂಡ್ಸ್ ಗಾಡಿಗೆ ಏರಿಸುತ್ತಿದ್ದರು. ಕಲ್ಲಿನಡಿ ಹರಕು ಗೋಣಿ, ಅದರಡಿ ಚರ್ಮ ಕಿತ್ತುಹೋದ ಹೆಗಲು. ನೋಡುತ್ತಲೇ ಅವಳಿಗೆ ಯೋಚನೆಯೊಂದು ಬಂತು: ಹೆಗಲಿಗಾಗುವಷ್ಟು ಉಣ್ಣೆಯ ದಪ್ಪ ತುಂಡು ಮಾಡಿಕೊಟ್ಟರೆ ಇವರು ಕೊಳ್ಳಲಾರರೇ?

“ಕಂಬಳಿ ಹೊದಿಯಾಕ ಐತಿ, ಕಲ್ಲಿಗಿ ಹಾಸಾಕಲ್ಲ,” ಎಂದ ಮರೆಪ್ಪ.

“ಮನಿ ಉಣ್ಣಿ ಬ್ಯಾಡ್ರಿ, ನನ್ನ ಕುರಿದಷ್ಟೇ ಹಾಕ್ತೀನಿ. ಹೊಳಿ ದಾಟುವಾಗ ನೀವಾದ್ರೂ ಕುರಿ ಎಲ್ಲಾ ಒಮ್ಮಿಗೇ ಇಳಸ್ತೀರೇನು? ಮೊದಲ ಒಂದು ಬಿಟ್ಟು ನೋಡ್ತೀರಿ.”

ಮರೆಪ್ಪ ಷರತ್ತು ಹಾಕಿದ. “ಆತು. ಕೆಟ್ರ ನಿನ್ನ ಕುರಿ ಮನಿ ಹಿಂಡಿಗಿ ಸೇರ್ತಾವ. ಆಮ್ಯಾಲ ನನ್ನವು ಅನ್ನಬಾರದು.”

ಮೋನಮ್ಮ ಒಪ್ಪಿದಳು. ಒಪ್ಪಿದ ಮೇಲೆ ಹೆದರಿಕೆಯಾಯಿತು.

ಅವಳು ನೂತಳು, ಅವನು ನೇಯ್ದ. ಯಾರನ್ನೂ ಕೇಳದೆ ಗಂಜಿಯನ್ನೂ ಹಚ್ಚಿದ. ಅವಳೂ ಬೇಡ ಎನ್ನಲಿಲ್ಲ. ಗಂಜಿಯಿಲ್ಲದ ಕಂಬಳಿಯನ್ನು ಆ ಮನೆತನದಲ್ಲಿ ಯಾರು ಕಂಡಿದ್ದರು?

ಸ್ಟೇಷನ್ನಿನಲ್ಲಿ ಕಲ್ಲು ಹೊರುವ ಹಮಾಲರು ತುಂಡುಗಳನ್ನು ಕೊಂಡರು. ಬೇಸಿಗೆಯ ಬೆವರು ತಾಗಿದ್ದೇ ತಡ, ಗಂಜಿ ನೆನೆದು ಅಂಟಾಯಿತು. ಮುಂದಿನ ಸಂತೆಯಲ್ಲಿ ಹಮಾಲರ ಹಿರಿಯ ಪೀರಪ್ಪ ತುಂಡುಗಳನ್ನೆಲ್ಲ ತಂದು ಅವಳ ಮುಂದಿಟ್ಟ.

“ತಪ್ಪು ತಿಳ್ಕೋಬ್ಯಾಡ ತಂಗಿ. ಕಲ್ಲು ಇಳಸಿದ್ರೂ ಇದು ಹೆಗಲ ಬಿಡವಲ್ದು. ಮ್ಯಾಲ ಇರುವಿ ಬ್ಯಾರೆ.”

ಮರೆಪ್ಪ ತುಂಡುಗಳನ್ನೆಲ್ಲ ತಾನೇ ಹೊತ್ತು ಮುಂದೆ ಮುಂದೆ ನಡೆದ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ. ಮನೆಗೆ ಬಂದು ತನ್ನ ಕುರಿಗಳ ನಡುವೆ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ ಬುದ್ಧಿ ಓಡಿತು. ಕೆಟ್ಟದ್ದು ಗಂಜಿ, ಉಣ್ಣೆಯಲ್ಲ. ಒಂದೇ ಒಂದು ತುಂಡನ್ನು ಬಿಸಿನೀರಿಗೆ ಹಾಕಿ, ಅಂಟುವಾಳದ ನೊರೆಯಲ್ಲಿ ತಿಕ್ಕಿದಳು.

“ಉಣ್ಣಿ ಯಾರರೆ ಬಿಸಿನೀರಾಗ ಹಾಕ್ತಾರ? ಕುಗ್ಗಿ ಹೋಗ್ತದ,” ಎಂದು ಅತ್ತೆ ಹಣೆ ಹಣೆ ಬಡಿದುಕೊಂಡಳು.

ಅತ್ತೆಯ ಮಾತು ಸುಳ್ಳಾಗಲಿಲ್ಲ, ತುಂಡು ಕುಗ್ಗಿ ಅರ್ಧವಾಯಿತು. ಆದರೆ ಒಣಗಿದ ಮೇಲೆ ಒತ್ತಿ ನೋಡಿದರೆ ದಪ್ಪಗೆ, ಮೆತ್ತಗೆ ಇತ್ತು. ಮೋನಮ್ಮ ಅದನ್ನು ಹೆಗಲಿಗಿಟ್ಟು, ಮೇಲೊಂದು ಕಲ್ಲು ಹೊತ್ತು ಅಂಗಳವೆಲ್ಲ ಸುತ್ತಿದಳು. ಕಲ್ಲು ಒತ್ತಲಿಲ್ಲ. ಆಮೇಲಷ್ಟೇ ಉಳಿದವು ನೀರಿಗೆ ಬಿದ್ದವು.

ಮುಂದಿನ ಸಂತೆಯಲ್ಲಿ ಪೀರಪ್ಪ ಒಲ್ಲದ ಮನಸ್ಸಿನಿಂದ ಒಂದನ್ನು ಹೆಗಲಿಗೇರಿಸಿ ಕೆಲಸಕ್ಕೆ ಹೋದ. ಮಧ್ಯಾಹ್ನ ಅವನೇ ಹುಡುಕಿಕೊಂಡು ಬಂದ. “ಉಳಿದವೂ ಕೊಡು ತಂಗಿ. ಮಂದಿ ನಂದು ಕಸ್ಕೊಳ್ಳಾಕ ನಿಂತಾರ.”

ಏಳು ಕುರಿಗಳು ಅವಳವಾಗಿಯೇ ಉಳಿದವು, ಮರಿ ಹಾಕಿದವು. ಅತ್ತೆ ನೀರಿನ ಕೊಡ ಹೊರುವಾಗ ತಲೆಗಿಡುವ ಸಿಂಬಿಗೆಂದು ಒಂದು ತುಂಡು ಕೇಳಿ ಪಡೆದಳು, ಕೇಳಿದ್ದು ಯಾರಿಗೂ ಹೇಳಬೇಡ ಎಂದಳು.

ಮುಂದಿನ ಸಲ ಉಣ್ಣೆ ಕತ್ತರಿಸಿದಾಗ ಮರೆಪ್ಪ ಮನೆಯ ಉಣ್ಣೆಯಲ್ಲೇ ಹೊಸ ತುಂಡೊಂದನ್ನು ನೇಯ್ದು ಅಂಗಳದಲ್ಲಿ ಹಾಸಿದ. ಗಂಜಿಯ ಕುಂಚ ಕೈಯಲ್ಲಿತ್ತು. ಆ ಕುಂಚ ಹಿಡಿದು ಅವನು ಇದುವರೆಗೆ ಯಾರನ್ನೂ ಏನೂ ಕೇಳಿದವನಲ್ಲ.

“ಮೋನಮ್ಮ,” ಎಂದು ಕರೆದ, “ಇದಕ್ಕ ಗಂಜಿ ಹಚ್ಚಲೇನು?”