ಕಲ್ಲಿನ ಮೇಲಿನ ಸ್ಲಾವಿತ್ಸಾ

ಗಂಡ ರಾದಿವೊಯ್ ತೀರಿಕೊಂಡಾಗ ಸ್ಲಾವಿತ್ಸಾಗೆ ಇನ್ನೂ ಮೂವತ್ತನಾಲ್ಕು. ಕಲ್ಲುಕುಟಿಗ ಮಿಲೊವಾನ್ ಬಂದು, "ನಿಂದೂ ಒಂದು ಫೋಟೊ ಕೊಡಮ್ಮ" ಎಂದ. ವಾಲ್ಯೆವೊ ಊರಿನಲ್ಲಿ ಅದೇ ಪದ್ಧತಿ. ಗಂಡನ ಗೋರಿಕಲ್ಲಿಗೆ ಅಂಟಿಕೊಂಡೇ ಹೆಂಡತಿಯ ಕಲ್ಲು. ಅದರಲ್ಲಿ ಅವಳ ಮುಖ, ಹೆಸರು, ಹುಟ್ಟಿದ ವರ್ಷ, ಒಂದು ಗೆರೆ. ಗೆರೆಯ ಮುಂದೆ, ಸಾಯುವ ವರ್ಷಕ್ಕೆಂದು, ಖಾಲಿ ಜಾಗ. ಅತ್ತು ಅತ್ತು ದಿಕ್ಕು ತೋಚದೆ ಕೂತಿದ್ದವಳು ಗುರುತಿನ ಚೀಟಿಯನ್ನೇ ಎತ್ತಿ ಕೊಟ್ಟುಬಿಟ್ಟಳು. ಆ ಚೀಟಿಗೆಂದು ಪೊಲೀಸ್ ಠಾಣೆಯಲ್ಲಿ ತೆಗೆದ ಫೋಟೊದಲ್ಲಿ ಯಾರು ತಾನೇ ಮನುಷ್ಯರ ಹಾಗೆ ಕಾಣುತ್ತಾರೆ?

ಅಂದಿನಿಂದ, ಊರವರೆಲ್ಲ ತಮ್ಮವರ ಗೋರಿಗೆ ಎಡೆ ಒಯ್ಯುವ 'ಸತ್ತವರ ಶನಿವಾರ' ಬಂದಾಗಲೆಲ್ಲ ಅತ್ತೆ ಕೊಸಾರಾ ಬೇಯಿಸಿದ ಗೋಧಿ, ಮೇಣದಬತ್ತಿ, ಒರೆಸುವ ಬಟ್ಟೆ ಬುಟ್ಟಿಗೆ ಹಾಕಿಕೊಂಡು ಸೊಸೆಯೊಂದಿಗೆ ಸ್ಮಶಾನಕ್ಕೆ ಹೊರಡುವಳು. ಕಲ್ಲಿನಲ್ಲಿ ಮಗನ ಮುಖ ಒರೆಸಿ ಮುತ್ತಿಡುವಳು. ಸೊಸೆ ಪಕ್ಕದಲ್ಲೇ ಉಸಿರಾಡುತ್ತ ನಿಂತಿದ್ದರೂ, ಕಲ್ಲಿನ ಸೊಸೆಯನ್ನೂ ಅಷ್ಟೇ ಮುತುವರ್ಜಿಯಿಂದ ಒರೆಸುವಳು. ಸ್ಲಾವಿತ್ಸಾ ಮುಖ ತಿರುಗಿಸಿಕೊಳ್ಳುವಳು.

ಅವಳು ಸಲೂನಿನಲ್ಲಿ ಊರ ಹೆಂಗಸರ ಕೂದಲಿಗೆ ಬಣ್ಣ ಹಚ್ಚುವವಳು. ಒಮ್ಮೆ ತನ್ನದನ್ನೂ ಕೆಂಪು ಮಾಡಿಕೊಂಡಳು. "ಕಲ್ಲಲ್ಲಿರೋಳಿಗೆ ಹೊಂದಲ್ಲ ಕಣೇ" ಎಂದಳು ಅತ್ತೆ, ಅಷ್ಟೇ. ಯಾವ ಗಂಡಸಾದರೂ ಕಾಫಿಗೆ ಕರೆದರೆ ಆ ಕಲ್ಲು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು, ಇವಳು ಹೋಗುತ್ತಿರಲಿಲ್ಲ. ತವರು ಎಂಬುದು ಇರಲಿಲ್ಲ. ಇದ್ದದ್ದು ಆ ಮುದುಕಿ, ಮುದುಕಿಯ ಮನೆ. ಹೀಗೇ ಹದಿನೈದು ವರ್ಷ ಕಳೆಯಿತು.

ಒಂದು ದಿನ, ಊರಲ್ಲಿ ಚಿತ್ರ ಕಲಿಸುವ ತಿಯಾನಾ ಕೂದಲು ಕತ್ತರಿಸಿಕೊಳ್ಳುತ್ತ, "ಒಂದು ಪ್ರದರ್ಶನ ಇಟ್ಕೊಂಡಿದೀವಿ ಸ್ಲಾವಿತ್ಸಕ್ಕಾ. 'ಇದು ನಾನು' ಅಂತ. ನಿಮ್ಮನ್ನ ತೋರ್ಸೋ ಅಂಥದ್ದು ಏನಾದ್ರೂ ತನ್ನಿ" ಎಂದಳು.

"ಒಂದಿದೆ. ಎತ್ತೋಕೆ ನಾಲ್ಕು ಜನ ಬೇಕು" ಎಂದಳು ಸ್ಲಾವಿತ್ಸಾ. ತಮಾಷೆಗೆ ಅಂದದ್ದು ತಲೆಯಲ್ಲಿ ಕೂತುಬಿಟ್ಟಿತು. ಕಲ್ಲುಕುಟಿಗನ ಬಳಿ ಹೋಗಿ ತನ್ನ ಕಲ್ಲನ್ನು ಕಿತ್ತುಕೊಡಲು ಕೇಳಿದಳು.

"ಕಿತ್ತೇನೋ ಕೊಡ್ತೀನಿ, ಕೊಸಾರಮ್ಮನ ಹತ್ರ ನನ್ನ ಹೆಸ್ರು ಎತ್ಬೇಡ" ಎಂದ ಮಿಲೊವಾನ್. ಕಲ್ಲು ಪ್ರದರ್ಶನದ ಸಭಾಂಗಣ ಸೇರಿದ ಮೇಲೆ ನೋಡುತ್ತಾಳೆ, ಪ್ರದರ್ಶನ ಶುರುವಾಗುವುದು ಸತ್ತವರ ಶನಿವಾರದಂದೇ. ಅತ್ತೆಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಸಲೂನ್‌ಗೆ ಮದುವೆ ಹೆಣ್ಣು ಬರ್ತಾಳೆ ಅತ್ತೆ, ನೀವೊಬ್ರೇ ಹೋಗ್ಬನ್ನಿ" ಎಂದು ಸುಳ್ಳು ಹೇಳಿದಳು.

ಸಂಜೆ ಜನ ಸೇರಿದರು. 'ಇದು ನಾನು' ಎಂದು ಕನ್ನಡಿ ತಂದಿಟ್ಟವರೇ ಏಳೆಂಟು ಮಂದಿ. ಕಲೆಯೆಂದರೆ ಕನ್ನಡಿ ಎಂದು ಅವರಿಗೆ ಯಾರು ಹೇಳಿಕೊಟ್ಟರೋ. ಗುಂಪೆಲ್ಲ ಇದ್ದದ್ದು ಕಪ್ಪು ಕಲ್ಲಿನ ಎದುರು. ಅದರ ತುಟಿಗೆ ಸ್ಲಾವಿತ್ಸಾ ತನ್ನ ಲಿಪ್‌ಸ್ಟಿಕ್ ಹಚ್ಚಿದ್ದಳು. ಯಾರು ಏನೆಂದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಕಣ್ಣೆಲ್ಲ ಬಾಗಿಲಲ್ಲಿ. ಗೋರಿಯ ಹತ್ತಿರ ಖಾಲಿ ಜಾಗ ನೋಡಿದ ಮುದುಕಿ ಏನು ಮಾಡಿಯಾಳು? ಇವತ್ತು ರಾತ್ರಿ ತಾನು ಮಲಗುವುದೆಲ್ಲಿ?

ಕೊಸಾರಾ ಬಂದಳು. ಕಪ್ಪು ಕುಪ್ಪಸ, ಬೂಟಿನ ತುಂಬ ಸ್ಮಶಾನದ ಕೆಸರು, ಕೈಯಲ್ಲಿ ಬುಟ್ಟಿ. ಜನ ತಾವಾಗಿಯೇ ದಾರಿ ಬಿಟ್ಟರು. ಅವಳು ನೇರ ಕಲ್ಲಿನ ಮುಂದೆ ಹೋಗಿ ನಿಂತು ಬುಟ್ಟಿಗೆ ಕೈ ಹಾಕಿದಳು. ತಡೆಯಲೆಂದು ತಿಯಾನಾ ಒಂದು ಹೆಜ್ಜೆ ಮುಂದೆ ಬಂದಳು.

ಮುದುಕಿ ಹೊರತೆಗೆದದ್ದು ಬಟ್ಟೆ. ಕಲ್ಲಿನ ಹಣೆ ಒರೆಸಿದಳು, ಕೆನ್ನೆ ಒರೆಸಿದಳು. ತುಟಿಯ ಹತ್ತಿರ ಕೈ ನಿಂತಿತು. ತುಟಿ ಮುಟ್ಟದೆ ಸುತ್ತಲೂ ಒರೆಸಿ ಬಟ್ಟೆ ಮಡಿಚಿದಳು.

"ಮದುವೆ ಹೆಣ್ಣು ಇವಳೇನೇ?"

"ಅತ್ತೆ..." ಸ್ಲಾವಿತ್ಸಾ ಕಲ್ಲಿಗೂ ಮುದುಕಿಗೂ ನಡುವೆ ಬಂದು ನಿಂತಳು. "ನನಗೆ ಅಲ್ಲಿರೋಕೆ ಆಗಲ್ಲ. ಬೈಯಿರಿ, ಮನೆಯಿಂದ ಕಳಿಸಿ. ಅದನ್ನ ಮಾತ್ರ ವಾಪಸ್ ಇಡಲ್ಲ."

"ಇಡಬೇಡ. ಆದ್ರೆ ಅವನ ಪಕ್ಕ ಖಾಲಿ ಬಿಡಬಾರ್ದು. ಎಲ್ಲ ಬಾಯಿಬಿಟ್ಟ ಆ ಕಳ್ಳ ಮಿಲೊವಾನ್‌ಗೆ ಹೇಳು, ಅಲ್ಲಿ ನನ್ನ ಮುಖ ಕೆತ್ತಲಿ."

"ಮಾವನ ಪಕ್ಕ ನಿಮ್ಮ ಕಲ್ಲಿದೆಯಲ್ಲ?"

"ಆ ಗೊರಕೆ ನಲವತ್ತು ವರ್ಷ ಕೇಳಿದ್ದು ಸಾಕು." ಮುದುಕಿಯ ದನಿ ಇಳಿಯಿತು. "ಮಣ್ಣು ಮಾಡಿದ ದಿನಾನೇ ಆ ಜಾಗ ಕೇಳ್ಬೇಕು ಅಂತಿದ್ದೆ. ನನ್ನ ಮಗ ಕಣೇ ಅವನು. ಹೆಂಡತಿ ಜಾಗ ಅಂತ ಬಾಯ್ಮುಚ್ಕೊಂಡಿದ್ದೆ."

ಸ್ಲಾವಿತ್ಸಾ ಅತ್ತೆಯ ಕೈಯಿಂದ ಬುಟ್ಟಿ ತೆಗೆದುಕೊಂಡಳು. ಕೊಸಾರಾ ತಲೆವಸ್ತ್ರ ಸಡಿಲಿಸಿ ನರೆಗೂದಲು ಮುಟ್ಟಿ ನೋಡಿಕೊಂಡಳು.

"ಸೋಮವಾರ ಸಲೂನಿಗೆ ಬರ್ತೀನಿ, ಇದನ್ನ ಸರಿಮಾಡು. ಫೋಟೊ ಆಮೇಲೆ ತೆಗೆಸ್ತೀನಿ."