ಅಚ್ಚುಕಟ್ಟು ಇಲ್ಲದ ಕೆರೆ

1962ರಲ್ಲಿ ನಾನು ಸಣ್ಣ ಕೆರೆಗಳ ದುರಸ್ತಿ ನೋಡಿಕೊಳ್ಳುವ ಸರ್ಕಾರಿ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿದ್ದೆ. ಕೋಣನಕುಂಟೆಯಿಂದ ಯಡಿಯೂರಿನವರೆಗಿನ ಕೆರೆಗಳು ನನ್ನ ಪಾಲಿಗೆ ಬಂದಿದ್ದವು. ಏರಿ ಎಲ್ಲಿ ಕುಸಿದಿದೆ ನೋಡುವುದು, ಎಸ್ಟಿಮೇಟ್ ಬರೆಯುವುದು, ದುಡ್ಡು ಮಂಜೂರಾದರೆ ನಿಂತು ಕೆಲಸ ಮಾಡಿಸುವುದು. ಕೆಲಸ ಸುಲಭ ಎಂದುಕೊಂಡಿದ್ದೆ.

ಆ ಮಳೆಗಾಲದಲ್ಲಿ ಶಾರದಮ್ಮ ಎಂಬುವರು ಕಚೇರಿಗೆ ಬಂದರು. ಹೈಸ್ಕೂಲಿನಲ್ಲಿ ಹಿಂದಿ ಹೇಳಿಕೊಟ್ಟು ನಿವೃತ್ತರಾದವರು. ಕೈಗೆ ಬಂದ ಹಣವನ್ನೆಲ್ಲ ಸುರಿದು ಯಡಿಯೂರಿನ ಆಚೆ ಒಂದು ಪುಟ್ಟ ಕೆರೆಯ ಏರಿ ಕೆಳಗೆ ಮನೆ ಕಟ್ಟಿಸಿದ್ದರು.

"ಅಡುಗೆಮನೆ ನೆಲ ಒರೆಸಿದಷ್ಟೂ ಒದ್ದೆ ಆಗತ್ತೆ ಸಾರ್. ಹಿಂದಿನ ಗೋಡೆ ಬಿರುಕು ಬಿಟ್ಟಿದೆ. ಆ ಮನೆ ಬಿಟ್ರೆ ನನಗೆ ಇನ್ನೇನೂ ಇಲ್ಲ" ಎಂದರು.

ಹೋಗಿ ನೋಡಿದೆ. ಏರಿಯ ಬುಡದಲ್ಲಿ ನೀರು ಒಸರುತ್ತಿತ್ತು. ಇನ್ನೆರಡು ಮಳೆಗಾಲ ಹೀಗೇ ಬಿಟ್ಟರೆ ಗೋಡೆ ಉಳಿಯುವುದಿಲ್ಲ ಎನಿಸಿತು. ಎಸ್ಟಿಮೇಟ್ ಬರೆಯಲು ಕುಳಿತಾಗ ಮೊದಲ ಕಾಲಂನಲ್ಲೇ ಪೆನ್ನು ನಿಂತಿತು. ಕೆರೆಯ ನೀರು ಎಷ್ಟು ಎಕರೆ ಗದ್ದೆಗೆ ಹರಿಯುತ್ತದೋ ಅದಕ್ಕೆ ಅಚ್ಚುಕಟ್ಟು ಎನ್ನುತ್ತಾರೆ. ನಮ್ಮಲ್ಲಿ ದುಡ್ಡು ಸಿಗುತ್ತಿದ್ದದ್ದು ಆ ಲೆಕ್ಕದ ಮೇಲೆ. ಇಲ್ಲಿಯ ಗದ್ದೆಗಳೆಲ್ಲ ಸೈಟುಗಳಾಗಿದ್ದವು. ಅಚ್ಚುಕಟ್ಟು ಸೊನ್ನೆ. ಗದ್ದೆ ಕೊಚ್ಚಿಹೋಗುವಂತಿದ್ದರೆ ದುಡ್ಡುಂಟು, ಮನೆ ಬೀಳುವಂತಿದ್ದರೆ ಇಲ್ಲ! ಇದನ್ನು ಯಾರಿಗೆ ಹೇಳುವುದೋ ತಿಳಿಯಲಿಲ್ಲ.

ಬಡಾವಣೆ ನೋಡಿಕೊಳ್ಳುವ ಇನ್ನೊಂದು ಕಚೇರಿಗೆ ಹೋದೆ. "ರಸ್ತೆ ನಮ್ದು, ಚರಂಡಿ ನಮ್ದು. ಏರಿ ಅನ್ನೋ ಐಟಂ ನಮ್ಮಲ್ಲಿಲ್ಲ" ಎಂದು ಅಲ್ಲಿಯವರು ಕಾಫಿ ಕುಡಿಸಿ ಕಳಿಸಿದರು.

ಕೊನೆಗೆ ಊರಿನ ಹಿರಿಯ ರೈತ ಮುನಿಯಪ್ಪನವರ ಬಳಿಗೆ ಹೋದೆ. ಗದ್ದೆ ಇದ್ದ ಕಾಲದಲ್ಲಿ ಏರಿಯನ್ನು ಒಂದೊಂದು ಮನೆಯವರಿಗೆ ಇಷ್ಟಿಷ್ಟು ಎಂದು ಹಂಚಿಕೊಂಡು, ಬೇಸಿಗೆಯಲ್ಲಿ ಅವರವರ ಪಾಲಿಗೆ ಅವರವರೇ ಮಣ್ಣು ಹಾಕುವ ಪದ್ಧತಿ ಅಲ್ಲಿತ್ತು. ಈ ಸಲವೂ ಹಾಕಿಸಿ ಎಂದು ಕೇಳಿದೆ.

"ಗದ್ದೆ ತಗೊಂಡೋರು ಏರಿನೂ ತಗೊಳ್ಳಿ ಸ್ವಾಮಿ. ನಮಗ್ಯಾಕೆ?" ಎಂದರು. ಅವರ ಮಾತೂ ತಪ್ಪಲ್ಲ. ನಮ್ಮ ಕಚೇರಿ, ಬಡಾವಣೆ ಕಚೇರಿ, ಮುನಿಯಪ್ಪನವರು, ಮೂವರು ಹೇಳಿದ್ದೂ ಸರಿ, ಆದರೆ ನೀರು ಮಾತ್ರ ಒಸರುತ್ತಲೇ ಇದೆ. ನನ್ನ ತಲೆ ಪೂರ್ತಿ ಕೆಟ್ಟಿತು.

ಹೇಗೋ ಕಾಡಿ ಬೇಡಿ ನಮ್ಮ ಎಕ್ಸಿಕ್ಯುಟಿವ್ ಇಂಜಿನಿಯರನ್ನು ಸ್ಥಳಕ್ಕೆ ಕರೆತಂದೆ. ಏರಿಯ ಮೇಲೆ ನಿಂತು ಅವರು, "ಅಚ್ಚುಕಟ್ಟು ಇಲ್ಲ ಅಂದ್ರೆ ಕೆರೇನೇ ಇಲ್ಲ ಕಣಯ್ಯ" ಎಂದು ಹೊರಡಲು ತಿರುಗಿದರು. ಶಾರದಮ್ಮ ಕಾಫಿಗೆ ಕರೆದರು. ಸಾಹೇಬರು ಎಲ್ಲರಂತೆ ಬಾಗಿಲಲ್ಲಿ ಬೂಟು ಬಿಚ್ಚಿ, ಗೋಡೆ ನೋಡಲು ಅಡುಗೆಮನೆಗೆ ನಡೆದರು. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಕಾಲುಚೀಲ ತೊಪ್ಪೆಯಾಗಿತ್ತು.

"ಇಲ್ಲದ ಕೆರೆ ನನ್ನ ಕಾಲು ನೆನೆಸ್ತಲ್ಲಯ್ಯ!" ಎಂದರು. ಒದ್ದೆ ಕಾಲುಚೀಲ ಹಿಂಡುತ್ತಲೇ ಕೇಳಿದರು, "ಏರಿ ಮೇಲೆ ಜನ ಓಡಾಡ್ತಾರಾ?"

"ಬಸ್ ಸ್ಟಾಪಿಗೆ ಹೋಗೋರೆಲ್ಲ ಅದರ ಮೇಲೇ ಹೋಗೋದು ಸಾರ್."

"ಹಾಗಾದ್ರೆ ಅದು ರಸ್ತೆ. ರಸ್ತೆ ಅಂತ ಬರೆದು ಬಡಾವಣೆ ಕಚೇರಿಗೆ ಕಳಿಸು. ದುಡ್ಡು ಅವರು ಕೊಡ್ಲಿ, ಕೆಲಸ ನೀನು ಮಾಡ್ಸು."

ಹಾಗೆಯೇ ಆಯಿತು. ಬೇಸಿಗೆಯಲ್ಲಿ ಏರಿಯ ಬುಡಕ್ಕೆ ಉದ್ದಕ್ಕೂ ಆಳದ ಕಂದಕ ತೋಡಿಸಿ, ಜೇಡಿಮಣ್ಣು ತುಂಬಿಸಿ, ಪದರಪದರವಾಗಿ ದಮ್ಮಸ್ಸು ಹೊಡೆಸಿದೆ. ನೀರು ಅಡಿಯಿಂದ ನುಸುಳದಂತೆ ತಡೆಯುವ ಗೋಡೆ ಅದು. ನಮಗ್ಯಾಕೆ ಎಂದಿದ್ದ ಮುನಿಯಪ್ಪನವರು ದಿನವೂ ಬಂದು ತಮ್ಮ ಮನೆತನದ ಪಾಲಿನ ಮೇಲೆ ನಿಂತು, "ಇನ್ನೂ ಹೊಡೀರೋ, ಸಾಲದು" ಎಂದು ಆಳುಗಳನ್ನು ಗದರುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಕೆರೆ ತುಂಬಿತು. ಒಂದು ಹನಿಯೂ ಒಸರಲಿಲ್ಲ. ನಾನು ಹಿಗ್ಗಿಹೋದೆ, ಸುಳ್ಳೇಕೆ ಹೇಳಲಿ. ಆಗಲೇ ಶಾರದಮ್ಮ ಮತ್ತೆ ಕಚೇರಿಗೆ ಬಂದರು. ಥ್ಯಾಂಕ್ಸ್ ಹೇಳಲು ಬಂದಿರಬೇಕೆಂದು ಎದ್ದು ಕುರ್ಚಿ ಕೊಟ್ಟೆ.

"ಅಡುಗೆಮನೆ ಒಣಗ್ತು ಸಾರ್, ಗೋಡೆನೂ ಗಟ್ಟಿಯಾಗಿದೆ. ಆದ್ರೆ ಹಿತ್ತಲ ಬಾವಿನೂ ಒಣಗೋಯ್ತು. ನಮ್ಮ ಸಾಲಿನ ಎಲ್ಲರ ಬಾವಿನೂ ಅಷ್ಟೇ. ನಲ್ಲಿ ಇನ್ನೂ ಬಂದಿಲ್ಲ. ಹೋದ ವರ್ಷ ನೀರು ಬೇಡ ಅಂತ ಬಂದಿದ್ದೆ, ಈಗ ನೀರು ಬೇಕು ಅಂತ ಬಂದಿದೀನಿ. ಯಾವ ಆಫೀಸಿಗೆ ಹೋಗ್ಲಿ?"

ಅವರ ಅಡುಗೆಮನೆಗೆ ನುಗ್ಗುತ್ತಿದ್ದ ನೀರೇ ಅವರ ಬಾವಿಯನ್ನೂ ತುಂಬುತ್ತಿತ್ತು. ನೀರನ್ನು ತಡೆಯುವ ಮುನ್ನ ಅದು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಬೇಕು ಎನ್ನುವುದನ್ನು ನನಗೆ ಕಲಿಸಿದ್ದು ಇಂಜಿನಿಯರಿಂಗ್ ಪುಸ್ತಕವಲ್ಲ, ಆ ಒಣ ಬಾವಿ. ಆಮೇಲೆ ಸರ್ವಿಸ್ ಮುಗಿಯುವವರೆಗೂ ಏರಿಗೆ ಕೈ ಹಾಕುವ ಮೊದಲು ಸುತ್ತಲಿನ ಬಾವಿಗಳನ್ನು ಇಣುಕಿ ನೋಡುತ್ತಿದ್ದೆ. ಅವತ್ತು ಮಾತ್ರ, "ಗೊತ್ತಿಲ್ಲಮ್ಮ" ಎಂದೆ. ಸರ್ಕಾರಿ ಕುರ್ಚಿಯಲ್ಲಿ ಕುಳಿತು ಆ ಮಾತು ಹೇಳಿದ್ದು ಅದೇ ಮೊದಲು. ಛತ್ರಿ ತೆಗೆದುಕೊಂಡು ಅವರ ಜೊತೆಯಲ್ಲೇ ಹೊರಟೆ.