ಸೀಟು ಹಿಡಿಯಲು ಕೂರಿಸಿದ ಮಗಳು

ನನ್ನ ಮಗಳು ಉಮಾ ನಾಲ್ಕು ವರ್ಷದವಳಿದ್ದಾಗ ಒಂದು ರೈಲನ್ನೇ ನಿಲ್ಲಿಸಿದ್ದಳು. ಚೈನ್ ಎಳೆದಲ್ಲ. ಸುಮ್ಮನೆ ಕೂತು.

ನಂಬುವುದಿಲ್ಲ ಅಲ್ಲವೇ? ಹೋದ ವಾರ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಇದನ್ನು ಹಾಕಿದೆ. ಮೊಮ್ಮಕ್ಕಳೂ ನಂಬಲಿಲ್ಲ. ಸಾಲಾಗಿ ನಗುವ ಮುಖಗಳು ಬಂದವು. (ಫೋನಿನಲ್ಲಿ ಟೈಪ್ ಮಾಡುವುದನ್ನು ಮೊನ್ನೆ ಮೊನ್ನೆ ಕಲಿತಿದ್ದೇನೆ. ಒಂದೇ ಬೆರಳು. ಸುಳ್ಳು ಹೇಳುವಷ್ಟು ಸ್ಪೀಡ್ ಇನ್ನೂ ಬಂದಿಲ್ಲ.) ಸ್ವತಃ ಉಮಾ ಮಾತ್ರ, ‘ಅಮ್ಮಾ, ಅದೆಲ್ಲ ಯಾಕೆ ಈಗ’ ಅಂತ ಹಾಕಿದಳು. ಅಂದರೆ ನಿಜ ಅಂತ ತಾನೇ? ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಾಗ ಕಡೂರಿನಲ್ಲಿದ್ದೆವು. ನಮ್ಮ ಯಜಮಾನರು ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾವಿಬ್ಬರು, ಉಮಾ, ಮತ್ತೆ ಆಗಷ್ಟೇ ಹಲ್ಲು ಬರುತ್ತಿದ್ದ ಪುಟ್ಟ. ಟೂರು ಗೀರು ಅನ್ನುವ ಮಾತು ನಮ್ಮಲ್ಲಿರಲಿಲ್ಲ. ಆದರೆ ಕಾಲಕ್ಕೊಂದು ತಿರುಗಾಟ ತಪ್ಪುತ್ತಿರಲಿಲ್ಲ. ಮಳೆ ಚೆನ್ನಾಗಿ ಆಗಿ ಮದಗದ ಕೆರೆ ಕೋಡಿ ಬಿದ್ದರೆ ಅದನ್ನು ನೋಡಲು. ಅವರೆಕಾಯಿ ಕಾಲಕ್ಕೆ ದೇವನೂರಿನ ನನ್ನ ತವರಿಗೆ. ಬೇಸಿಗೆಗೆ ಕಲ್ಲತ್ತಿಗಿರಿಗೆ. ತರೀಕೆರೆವರೆಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ನೆತ್ತಿಯ ಮೇಲೆ ಧೋ ಅಂತ ತಣ್ಣನೆ ನೀರು.

ಪೂರ್ತಿ ಬಸ್ಸಿನಲ್ಲೇ ಹೋಗಬಹುದಿತ್ತಲ್ಲ ಅನ್ನಬೇಡಿ. ಉಮಾ ಬಸ್ ಹತ್ತಿದರೆ ಬೀರೂರು ಬರುವುದರೊಳಗೆ ವಾಂತಿ. ಅದೂ ಪಕ್ಕದವರ ಬಿಳಿ ಪಂಚೆಯ ಮೇಲೇ ಆಗಬೇಕು. ರೈಲಿನಲ್ಲಿ ಅವಳು ರಾಣಿಯ ಹಾಗೆ ಕೂರುತ್ತಿದ್ದಳು.

ರೈಲಿನಲ್ಲಿ ಒಂದೇ ಪೀಕಲಾಟ. ಬೀರೂರು ಜಂಕ್ಷನ್. ಅಲ್ಲಿಂದ ಒಂದು ದಾರಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ನಾವು ಹೋಗುತ್ತಿದ್ದ ರೈಲು ಕಡೂರಿಗೆ ಒಂದಾಗಿ ಬಂದು, ಬೀರೂರಿನಲ್ಲಿ ಎರಡಾಗುತ್ತಿತ್ತು. ಮುಂದಿನ ಬೋಗಿಗಳು ಹುಬ್ಬಳ್ಳಿಗೆ. ಹಿಂದಿನವನ್ನು ಕಳಚಿ, ಬೇರೆ ಎಂಜಿನ್ ಹಾಕಿ ಶಿವಮೊಗ್ಗಕ್ಕೆ. ಕಡೂರಿನಲ್ಲಿ ಯಾವ ಬಾಗಿಲು ಸಿಕ್ಕಿತೋ ಅದರಲ್ಲಿ ನುಗ್ಗುವುದು, ಬೀರೂರಿನಲ್ಲಿ ಇಳಿದು ನಮ್ಮ ಬೋಗಿಗೆ ಓಡುವುದು. ನಮ್ಮ ಕಡೆಯವರು ಮಾಡುತ್ತಿದ್ದದ್ದೇ ಹಾಗೆ.

ಸೀಟು ಹಿಡಿಯುವುದಕ್ಕೆ ಕಿಟಕಿಯಿಂದ ಟವೆಲ್ ಹಾಕುವುದು ನಿಮಗೆಲ್ಲ ಗೊತ್ತು. ಆದರೆ ಮದುವೆ ಸೀಸನ್ನಿನಲ್ಲಿ ಟವೆಲ್‌ಗೆ ಯಾರು ಮರ್ಯಾದೆ ಕೊಡುತ್ತಾರೆ? ಪಕ್ಕಕ್ಕೆ ಸರಿಸಿ ಕೂತುಬಿಡುತ್ತಾರೆ. ಹಾಗಾಗಿ ಸರಳಿಲ್ಲದ ಕಿಟಕಿ ನೋಡಿ, ಟವೆಲ್ ಜೊತೆಗೆ ಮನೆಯ ಒಂದು ಮಗುವನ್ನೂ ಒಳಗೆ ಇಳಿಸುವುದು. ಮಗು ಟವೆಲ್ ಹಾಸಿಕೊಂಡು ಕಾಲು ಚಾಚಿ ಕೂತರೆ ಆಯಿತು, ಅಷ್ಟೂ ಜಾಗ ನಮ್ಮದು. ಮಗುವನ್ನು ಸರಿಸುವ ಧೈರ್ಯ ಯಾರಿಗಿದೆ? (ಈಗಿನ ತಾಯಂದಿರು ಬೈದುಕೊಳ್ಳುತ್ತಿದ್ದೀರಿ. ಬೈದುಕೊಳ್ಳಿ. ಆಗ ಎಲ್ಲರೂ ಅದನ್ನು ಬುದ್ಧಿವಂತಿಕೆ ಅನ್ನುತ್ತಿದ್ದರು.)

ಆ ಬೇಸಿಗೆ ಕಲ್ಲತ್ತಿಗಿರಿಗೆ ಹೊರಟ ದಿನ ಬೀರೂರಿನ ಪ್ಲಾಟ್‌ಫಾರಂ ತುಂಬ ಟ್ರಂಕು, ಹಾಸಿಗೆ ಸುರುಳಿ, ಮದುವೆ ದಿಬ್ಬಣದವರು. ಇಳಿಯುವ ಹೊತ್ತಿಗೆ ಸರಿಯಾಗಿ ಪುಟ್ಟ ನನ್ನ ಸೀರೆಯ ಮೇಲೆ ಎಲ್ಲ ಮಾಡಿಕೊಂಡ. ನಾನು ನಲ್ಲಿ ಹತ್ತಿರ ಹೋದೆ. ಯಜಮಾನರು ಉಮಾಳನ್ನು ಹೆಗಲಿಗೇರಿಸಿಕೊಂಡು ಸೀಟು ಹಿಡಿಯಲು ಹಿಂದಕ್ಕೆ ಓಡಿದರು.

ಸ್ವಲ್ಪ ಹೊತ್ತಿಗೆ ಕೈ ಬೀಸಿಕೊಂಡು ವಾಪಸ್ ಬಂದರು. ಮುಖದಲ್ಲಿ ಗೆದ್ದ ಕಳೆ. ಒಳ್ಳೇ ಕಿಟಕಿ ಸೀಟು ಸಿಕ್ಕಿದೆ, ಬೋಗಿಯಲ್ಲಿ ಇನ್ನೂ ಜಾಗ ಇದೆ, ಜನಕ್ಕೆ ಗೊತ್ತೇ ಆಗಿಲ್ಲ, ನಿಧಾನವಾಗಿ ಬಾ ಅಂದರು. ಅಷ್ಟು ಜನ ನುಗ್ಗುತ್ತಿರುವಾಗ ಒಂದು ಬೋಗಿ ಮಾತ್ರ ಯಾಕೆ ಖಾಲಿ ಇದ್ದೀತು? ಇಬ್ಬರ ತಲೆಗೂ ಹೋಗಲಿಲ್ಲ.

ನಾನು ಪುಟ್ಟನ ಮೈ ಒರೆಸುತ್ತಿದ್ದಾಗ ಮುಂದಿನ ಎಂಜಿನ್ ಕೂಗಿತು. ಅದು ಹುಬ್ಬಳ್ಳಿಯದು, ನಮ್ಮದಲ್ಲ. ಬೀರೂರು ಗೊತ್ತಿದ್ದವರು ಆ ಕೂಗಿಗೆ ತಲೆ ಕೂಡ ಎತ್ತುವುದಿಲ್ಲ. ಒಂದೊಂದೇ ಬೋಗಿ ನಮ್ಮ ಮುಂದೆ ಹಾದುಹೋಯಿತು. ನಾನು ಪುಟ್ಟನ ಕೈ ಹಿಡಿದು ಆಡಿಸಿ, ‘ಟಾಟಾ ಮಾಡು ಕಂದಾ, ಹುಬ್ಳಿ ರೈಲಿಗೆ ಟಾಟಾ ಮಾಡು’ ಅಂದೆ. ಪುಟ್ಟ ನಕ್ಕ.

ಆಮೇಲೆ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ನಡೆದೆವು. ಶಿವಮೊಗ್ಗದ ಬೋಗಿಗಳು ಅಲ್ಲೇ ನಿಂತಿದ್ದವು. ಯಜಮಾನರು ಮೊದಲನೆಯದರ ಕಿಟಕಿಗಳಲ್ಲಿ ಇಣುಕಿದರು. ಇದಲ್ಲ, ಇದರ ಮುಂದಿನದು ಅಂದರು. ತಿರುಗಿ ನೋಡಿದರು.

ಮುಂದೆ ಬೋಗಿ ಇರಲಿಲ್ಲ. ಬರೀ ಹಳಿ ಇತ್ತು.

ಅವರು ಉಮಾ ಅಂತ ಕೂಗಿದರು. ಮತ್ತೆ ಮೊದಲನೆಯದಕ್ಕೆ ಹತ್ತಿ ಇಳಿದರು, ಎರಡನೆಯದಕ್ಕೆ, ಮೂರನೆಯದಕ್ಕೆ. ಹಿಂದಿನಿಂದ ನಾಲ್ಕು ಬೋಗಿ ಯಾವಾಗಲೂ ಶಿವಮೊಗ್ಗಕ್ಕೇ ಹೋಗುವುದು, ಅದು ಅವರಿಗೆ ಬಾಯಿಪಾಠ. ಎಣಿಸಿಕೊಂಡು ಹೋಗಿ ನಾಲ್ಕನೆಯದರಲ್ಲಿ ಮಗುವನ್ನು ಇಳಿಸಿದ್ದರು.

ಪೆಟ್ಟಿಗೆ ಹೊತ್ತಿದ್ದ ಪೋರ್ಟರ್ ಒಬ್ಬ ನಿಂತು ಹೇಳಿದ. ‘ದಿನಾ ನಾಕು ಸ್ವಾಮಿ. ಇವತ್ತು ಒಂದು ಕಮ್ಮಿ ಐತೆ, ಮೂರೇ. ಬೋರ್ಡ್ ನೋಡ್ಲಿಲ್ವಾ?’

ಬೋಗಿಗೆ ತಗುಲಿಸಿದ ಬೋರ್ಡ್ ಓದುವುದು ಹೊರಗಿನಿಂದ ಬಂದವರು. ನಾವು ಓದುತ್ತೇವೆಯೇ? ನಮಗೆ ಗೊತ್ತಲ್ಲ.

ಆಗ ನನಗೆ ಹೊಳೆಯಿತು. ಅವಳ ಬೋಗಿ ನನ್ನ ಕಣ್ಣ ಮುಂದೆಯೇ ಹೋಗಿತ್ತು. ಕಾಲು ಚಾಚಿ ಕೂತವಳ ತಲೆ ಕಿಟಕಿಗೆ ಎಟುಕುತ್ತಿರಲಿಲ್ಲ, ಅಷ್ಟೇ.

ಸ್ಟೇಷನ್ ಮಾಸ್ಟರ್ ರೂಮಿಗೆ ಹೇಗೆ ಹೋದೆವೋ ಗೊತ್ತಿಲ್ಲ. ಆ ಮನುಷ್ಯ ಬಯ್ಯಲಿಲ್ಲ. ಫೋನಿನ ಹಿಡಿ ತಿರುಗಿಸುತ್ತಲೇ ಮಗು ಹಾಕಿಕೊಂಡ ಬಟ್ಟೆ ಯಾವುದು ಅಂತ ಕೇಳಿದರು. ಯಜಮಾನರು ಬಾಯಿ ತೆರೆದು ನನ್ನನ್ನು ನೋಡಿದರು. ಹೆಗಲ ಮೇಲೆ ಹೊತ್ತುಕೊಂಡು ಹೋದವರಿಗೆ ಫ್ರಾಕಿನ ಬಣ್ಣ ಗೊತ್ತಿಲ್ಲ. ಹಳದಿ ಫ್ರಾಕು, ಎರಡು ಜುಟ್ಟು, ಕಿವಿಯಲ್ಲಿ ಚಿನ್ನದ ಮುರು ಅಂತ ನಾನು ಹೇಳಿದೆ. ಚಿನ್ನ ಅಂದ ಕೂಡಲೇ, ಅದಕ್ಕಾಗಿಯೇ ಯಾರಾದರೂ ಎತ್ತಿಕೊಂಡು ಹೋದರೆ ಅನ್ನಿಸಿತು.

ಇನ್ನು ಆ ರೈಲು ನಿಲ್ಲುವುದು ಅಜ್ಜಂಪುರದಲ್ಲೇ, ಅರ್ಧ ಗಂಟೆ ಆಗುತ್ತದೆ, ಅಲ್ಲಿ ಇಳಿಸಿಕೊಳ್ಳಲು ಹೇಳಿದ್ದೇನೆ ಅಂದರು ಮಾಸ್ಟರ್. ಅಲ್ಲಿ ಸಿಗದಿದ್ದರೆ ಅಂತ ಯಜಮಾನರು ಕೇಳಿದರು. ಉತ್ತರ ನನಗೇ ಗೊತ್ತಿತ್ತು. ಶಿವನಿ, ಹೊಸದುರ್ಗ ರೋಡ್, ಚಿಕ್ಕಜಾಜೂರು, ದಾವಣಗೆರೆ. ಯಾವ ಊರಿನಲ್ಲಿ ಬೇಕಾದರೂ ಯಾರು ಬೇಕಾದರೂ ನನ್ನ ಮಗು ಅಂತ ಎತ್ತಿಕೊಂಡು ಇಳಿಯಬಹುದು.

ಬಾಗಿಲಲ್ಲಿ ಜನ ಸೇರಿದರು. ದಿಬ್ಬಣದ ಹೆಂಗಸೊಬ್ಬಳು, ‘ಏನವ್ವಾ, ಒಂದು ಸೀಟಿಗೋಸ್ಕರ ಕೂಸನ್ನ ಕಳ್ಕೊಂಡ್ಯಾ?’ ಅಂದಳು. ಅವಳ ಮೊಮ್ಮಗ ಅದೇ ಹೊತ್ತಿಗೆ ಎದುರಿನ ಬೋಗಿಯಲ್ಲಿ ಟವೆಲ್ ಮೇಲೆ ಕೂತು ಸೀಟು ಕಾಯುತ್ತಿದ್ದ. (ಈ ಮಾತು ಆಡಿದ ಮೇಲೆ ಅವಳು ಸೊಂಟಕ್ಕೆ ಸೆರಗು ಬಿಗಿದು ಅತ್ತ ಓಡಿದ್ದನ್ನು ನಾನು ನೋಡಿದೆ.)

ಕಾಯುವುದು ಅಂದರೆ ಏನು ಅಂತ ನನಗೆ ಅಂದು ಗೊತ್ತಾಯಿತು. ಗೋಡೆ ಗಡಿಯಾರದ ಮುಳ್ಳು ನೋಡಬಾರದು ಅಂದುಕೊಂಡು ಅದನ್ನೇ ನೋಡುತ್ತಿದ್ದೆ. ಶಿವಮೊಗ್ಗದ ರೈಲೂ ಕೂಗಿ ಹೊರಟಿತು. ಯಜಮಾನರು ಅದರತ್ತ ತಿರುಗಲಿಲ್ಲ. ಬೈದರೆ ಆ ಮನುಷ್ಯ ಅಲ್ಲೇ ಕುಸಿಯುತ್ತಾರೆ ಅನ್ನಿಸಿತು.

ಒಂದೇ ಕೇಳಿದೆ. ‘ರೀ, ಅವಳಿಗೆ ಏನು ಹೇಳಿ ಬಂದ್ರಿ?’

‘ಏಳ್ಬೇಡ ಅಂದೆ.’

‘ಮತ್ತೆ?’

‘ಯಾರು ಕರುದ್ರೂ ಹೋಗ್ಬೇಡ, ಯಾರು ಏಳು ಅಂದ್ರೂ ಏಳ್ಬೇಡ, ನಾನೇ ಬರಾತಂಕ ಕೂತಿರು ಅಂದೆ ಕಣೇ.’

ಉಸಿರು ಸ್ವಲ್ಪ ಬಂತು. ಉಮಾ ಅಪ್ಪನ ಮಾತು ಅಂದರೆ ಗೆರೆ ಎಳೆದ ಹಾಗೆ ನಡೆಯುವವಳು. ಬಾಗಿಲ ಹತ್ತಿರ ಹೋಗುವುದಿಲ್ಲ. ಮಿಠಾಯಿ ತೋರಿಸಿದರೂ ಯಾರ ಜೊತೆಗೂ ಇಳಿಯುವುದಿಲ್ಲ. ದೇವರೇ, ಅಷ್ಟು ಸಾಕು ಅಂದುಕೊಂಡೆ.

ಆಮೇಲೆ ಇನ್ನೊಂದು ಹೊಳೆಯಿತು. ಯಾರ ಜೊತೆಗೂ ಇಳಿಯುವುದಿಲ್ಲ ಅಂದರೆ, ಅಜ್ಜಂಪುರದವರ ಜೊತೆಗೂ ಇಳಿಯುವುದಿಲ್ಲ.

ಫೋನು ಹೊಡೆದುಕೊಂಡಿತು. ಮಾಸ್ಟರ್ ಕಿವಿಗಿಟ್ಟುಕೊಂಡು, ಹೂಂ ಹೂಂ ಅಂದು, ನಮ್ಮತ್ತ ತಿರುಗಿದರು.

‘ಮಗು ಸಿಕ್ಕಿದೆ. ಆದ್ರೆ ಏಳ್ತಿಲ್ವಂತೆ ಕಣ್ರೀ.’

ಎತ್ತಿಕೊಳ್ಳಲು ಹೇಳಿ ಅಂದರು ಯಜಮಾನರು. ಎತ್ತಲು ಹೋದ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದ್ದಾಳಂತೆ. ಕಳ್ಳ ಕಳ್ಳ ಅಂತ ಕೂಗಿದ್ದಾಳಂತೆ. ಬೋಗಿಯ ಜನವೆಲ್ಲ ಅವಳ ಪಕ್ಷ. ಅಪ್ಪ ಬರುತ್ತಾನೆ ಅಂತ ಮಗು ಹೇಳುತ್ತಿದೆ, ನೀನು ಯಾವನಯ್ಯಾ ಎತ್ತಿಕೊಂಡು ಹೋಗಲು ಅಂತ ಆ ಬಡಪಾಯಿಯನ್ನೇ ಹೊಡೆಯಲು ನಿಂತಿದ್ದಾರಂತೆ. ರೈಲು ಹೊರಡುವ ಹೊತ್ತು ದಾಟಿದೆ. ಗಾರ್ಡು ಸಿಡಿಮಿಡಿ ಮಾಡುತ್ತಿದ್ದಾನೆ. ಇನ್ನು ಹೆಚ್ಚು ತಡೆಯಲು ಆಗುವುದಿಲ್ಲವಂತೆ.

‘ಇಳಿಯದೇ ಹೋದ್ರೆ?’ ಅಂದೆ.

‘ಮುಂದಿನ ಸ್ಟೇಷನ್ನಿಗೆ ಹೇಳ್ಬೇಕಮ್ಮ’ ಅಂದರು ಮಾಸ್ಟರ್. ಅಲ್ಲೂ ಅವಳು ಏಳುವುದಿಲ್ಲ ಅಂತ ಅವರಿಗೂ ಗೊತ್ತಾಗಿತ್ತು.

ಯಜಮಾನರು ನಾನು ಹೇಳುತ್ತೇನೆ ಕೊಡಿ ಅಂತ ಫೋನಿಗೆ ಕೈ ಚಾಚಿದರು. ಏನು ಪ್ರಯೋಜನ? ಫೋನು ಅಜ್ಜಂಪುರದ ರೂಮಿನಲ್ಲಿ, ಮಗು ಬೋಗಿಯಲ್ಲಿ. ಅಪ್ಪ ಹೇಳಿದ್ದಾನೆ ಬಾ ಅಂತ ಕಳ್ಳನೂ ಅನ್ನುತ್ತಾನೆ, ನಂಬಬೇಡ ಅಂತ ಕಲಿಸಿದವಳು ನಾನೇ.

ಮಗಳನ್ನು ಕಣ್ಣ ಮುಂದೆ ತಂದುಕೊಂಡೆ. ಹಳದಿ ಫ್ರಾಕು, ಚಾಚಿದ ಕಾಲು, ಅಡಿಯಲ್ಲಿ ಅಪ್ಪನ ನೀಲಿ ಟವೆಲ್. ಅಪ್ಪನ ಟವೆಲ್ಲನ್ನು ಮನೆಯಲ್ಲಿ ನಾನು ಮುಟ್ಟಿದರೂ ಕಿತ್ತುಕೊಂಡು ಓಡುತ್ತಿದ್ದವಳು.

ಮಾಸ್ಟರ್ ಕೈಯಿಂದ ಫೋನು ಕಿತ್ತುಕೊಂಡೆ. ಜನ್ಮದಲ್ಲಿ ನಾನು ಹಿಡಿದ ಮೊದಲನೇ ಫೋನು. ಯಾವ ಕಡೆ ಬಾಯಿ, ಯಾವ ಕಡೆ ಕಿವಿ ಅಂತ ನೋಡಲಿಲ್ಲ.

‘ಸ್ವಾಮಿ, ಮಗೂನ ಮುಟ್ಬೇಡಿ. ಅವಳ ಕೆಳಗಿನ ಟವೆಲ್ ಎಳ್ಕೊಳ್ಳಿ. ಎಳ್ಕೊಂಡು ಇಳುದ್ಬಿಡಿ. ಅವಳು ಟವೆಲ್ ಹಿಂದೆ ಬತ್ತಾಳೆ.’

ಆ ಕಡೆ ಏನೋ ಕೂಗಾಟ. ರಿಸೀವರ್ ಮೇಜಿನ ಮೇಲಿಟ್ಟು ಯಾರೋ ಓಡಿದ ಸದ್ದು. ಆಮೇಲೆ ಏನೂ ಇಲ್ಲ. ಫೋನಿನೊಳಗೆ ಬರೀ ಸುಂಯ್ ಅನ್ನುವ ಗಾಳಿ. ಓಡಿ ಬಂದು ಬಾಗಿಲಿನಿಂದ ಬಿದ್ದರೆ? ಜನ ಅವಳನ್ನು ಹಿಡಿದು ನಿಲ್ಲಿಸಿದರೆ? ಟವೆಲ್ ಹೋದರೂ ಸೀಟು ಬಿಡದಿದ್ದರೆ? ಪುಟ್ಟ ನನ್ನ ತಾಳಿ ಹಿಡಿದು ಕಚ್ಚುತ್ತಿದ್ದ. ದೂರದಲ್ಲಿ, ಅದೇ ಫೋನಿನೊಳಗೆ, ಒಂದು ಎಂಜಿನ್ ಕೂಗಿತು.

ರೈಲು ಹೊರಟಿತು. ಮಗು ಅದರೊಳಗಿದೆಯೋ, ಕೆಳಗಿದೆಯೋ?

ಯಾರೋ ಏದುಸಿರು ಬಿಡುತ್ತ ರಿಸೀವರ್ ಎತ್ತಿದರು. ಅವರು ಮಾತಾಡುವುದಕ್ಕೆ ಮೊದಲೇ ಹಿಂದಿನಿಂದ ಕೇಳಿಸಿತು. ‘ನಮ್ಮಪ್ಪಂದು. ಕೊಡು. ನಮ್ಮಪ್ಪಂದು.’

ನಾನು ನೆಲದ ಮೇಲೆ ಕೂತೆ. ಯಜಮಾನರು ಕೇಳುತ್ತಲೇ ಇದ್ದರು, ಏನಂತೆ, ಏನಂತೆ ಅಂತ. ಫೋನನ್ನೇ ಅವರ ಕಿವಿಗೆ ಹಿಡಿದೆ.

ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋದೆವು. ಸ್ಟೇಷನ್ ರೂಮಿನ ಬೆಂಚಿನ ಮೇಲೆ ಟವೆಲ್ ಹಾಸಿಕೊಂಡು, ಕಾಲು ಚಾಚಿಕೊಂಡು ಕೂತಿದ್ದಳು. ಮುಂದೆ ಬಾಳೆಹಣ್ಣು ಇತ್ತು, ಮುಟ್ಟಿರಲಿಲ್ಲ. ಪಾಯಿಂಟ್ಸ್‌ಮನ್ ಬಟ್ಟೆ ಸುತ್ತಿದ ಕೈ ತೋರಿಸಿ, ‘ಮಗೂಗೆ ಹಲ್ಲು ಗಟ್ಟಿ ಅವೆ ತಾಯಿ’ ಅಂದ. ಅವನ ಕಾಲು ಹಿಡಿಯಲು ಹೋದೆ, ಹಿಂದಕ್ಕೆ ಸರಿದ.

ಉಮಾ ಅಪ್ಪನನ್ನು ನೋಡಿದಳು. ಓಡಿ ಬರಲಿಲ್ಲ. ತಪ್ಪು ಮಾಡಿದವಳ ಮುಖ.

‘ಅಪ್ಪಾ, ನಾನು ಏಳ್ಲಿಲ್ಲ ಕಣಪ್ಪಾ. ಅವ್ರೇ ಟವೆಲ್ ಕಿತ್ಕಂಡ್ರು. ಸೀಟು ಹೋಯ್ತು.’

ಹೋಗಲಿ ಬಿಡು ಮಗಳೇ ಅಂದರು ಅವರು. ಭಯ ಆಯಿತಾ ಅಂತ ಕೇಳಿದರು. ಆಯಿತು ಅಂತ ತಲೆ ಆಡಿಸಿದಳು.

‘ಮತ್ತೆ ಅಳ್ಲೇ ಇಲ್ವಂತೆ?’

‘ಅಳ್ಬಾರ್ದು ಅಂದಿದ್ದೆಯಲ್ಲ.’

ಯಜಮಾನರು ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಈಗ ಅಳು ಮಗ, ಈಗ ಅಳಬಹುದು ಅಂತ ನಾನೇ ಹೇಳಬೇಕಾಯಿತು. ಆಮೇಲೆ ಅತ್ತಳು ನೋಡಿ, ಅಜ್ಜಂಪುರ ಪೂರ್ತಿ ಕೇಳುವ ಹಾಗೆ.

ಕಲ್ಲತ್ತಿಗಿರಿ ಆ ವರ್ಷ ಆಗಲಿಲ್ಲ. ಬುಟ್ಟಿಯ ಚಿತ್ರಾನ್ನವನ್ನು ಅಜ್ಜಂಪುರದ ಪ್ಲಾಟ್‌ಫಾರಂ ಮೇಲೆ ಕೂತು ತಿಂದೆವು, ಪಾಯಿಂಟ್ಸ್‌ಮನ್‌ಗೂ ಬಡಿಸಿ. ವಾಪಸ್ ಬಸ್ಸಿನಲ್ಲಿ ಉಮಾ ಎಂದಿನ ಹಾಗೆ ಒಬ್ಬರ ಪಂಚೆ ಕೆಡಿಸಿದಳು. ಅಷ್ಟು ಸಂತೋಷದಿಂದ ನಾನು ಯಾರ ಪಂಚೆಯನ್ನೂ ಒರೆಸಿಲ್ಲ.

ಈಗ ಯಾರ ಮನೆಗೆ ಹೋದರೂ ಒಂದೇ ಕಂಪ್ಲೇಂಟು. ನಮ್ಮ ಮಕ್ಕಳು ಹೇಳಿದ ಮಾತು ಕೇಳಲ್ಲ ಆಂಟಿ, ಎಲ್ಲದಕ್ಕೂ ಯಾಕೆ ಅನ್ನುತ್ತವೆ, ಎದುರು ವಾದಿಸುತ್ತವೆ. ನಾನು ತಲೆ ಆಡಿಸಿ ಕಾಫಿ ಕುಡಿಯುತ್ತೇನೆ. ಯಾಕಪ್ಪಾ ಏಳಬಾರದು, ರೈಲು ಹೊರಟರೆ ಏನು ಮಾಡಲಿ ಅಂತ ಒಂದೇ ಒಂದು ಸಲ ನನ್ನ ಮಗಳು ಕೇಳಿದ್ದರೆ? ಅವರಪ್ಪ ಮುಚ್ಚು ಬಾಯಿ ಅನ್ನುತ್ತಿದ್ದರು. ಆದರೆ ಆ ಬೋರ್ಡಿನ ಕಡೆ ಒಂದು ಸಲ ತಿರುಗಿಯೂ ನೋಡುತ್ತಿದ್ದರೇನೋ.

ಮಕ್ಕಳು ಮಾತು ಕೇಳಲ್ಲ ಅಂತ ಕೊರಗುತ್ತೀರಲ್ಲ, ಅಕಸ್ಮಾತ್ ಕೇಳಿಬಿಟ್ಟರೆ ನೀವು ಹೇಳಿದ್ದು ಸರಿ ಇದೆ ಅನ್ನುವ ಗ್ಯಾರಂಟಿ ನಿಮಗಿದೆಯೇ?